ಇ-ಸ್ಕೂಟರ್ ಕಂಟ್ರೋಲರ್ ಸುಟ್ಟರೆ ಮೊದಲು ನೋಡಬೇಕಾದ್ದು
ಸ್ಕೂಟರ್ ತಳ್ಳಿದರೆ ಚಕ್ರ ಬಿಗಿಯಾಗಿದೆಯೇ? ಮೋಟಾರಿನ ಮೂರು ಫೇಸ್ ವೈರ್ ಬಿಚ್ಚಿ ತಿರುಗಿಸಿ. ಸಲೀಸಾದರೆ ಬಹುತೇಕ ಕಂಟ್ರೋಲರಿನ ಮಾಸ್ಫೆಟ್ (ಮೋಟಾರಿಗೆ ಕರೆಂಟ್ ಬಿಟ್ಟು ನಿಲ್ಲಿಸುವ ಎಲೆಕ್ಟ್ರಾನಿಕ್ ಸ್ವಿಚ್) ಶಾರ್ಟ್.

ಬ್ಯಾಟರಿ ತೆಗೆದು, ಕಂಟ್ರೋಲರಿನ ಕೆಪಾಸಿಟರನ್ನು 100 ಓಮ್, 5 ವ್ಯಾಟ್ ರೆಸಿಸ್ಟರಿನಿಂದ ಖಾಲಿ ಮಾಡಿ. ಮೀಟರ್ ಡಯೋಡ್ ಮೋಡಿನಲ್ಲಿರಲಿ: ಕೆಂಪು ಕಡ್ಡಿ ಕಂಟ್ರೋಲರಿನ ಬ್ಯಾಟರಿ ನೆಗೆಟಿವ್ ವೈರಿಗೆ, ಕಪ್ಪು ಕಂಟ್ರೋಲರ್ ಕಡೆಯ ಒಂದೊಂದೇ ಫೇಸಿಗೆ. ಆಮೇಲೆ ಕೆಂಪು ಫೇಸಿಗೆ, ಕಪ್ಪು ಬ್ಯಾಟರಿ ಪಾಸಿಟಿವ್ ವೈರಿಗೆ. ಸುಮಾರು 0.4ರಿಂದ 0.6 ವೋಲ್ಟ್ ಬಂದರೆ ಸರಿ. ಸೊನ್ನೆ ಬಂದ ಫೇಸ್ ಹೋಗಿದೆ.

ಆ ಫೇಸಿನ ಮಾಸ್ಫೆಟ್‌ಗಳನ್ನೆಲ್ಲ ಒಟ್ಟಿಗೇ ಬದಲಿಸಿ. ಒಂದನ್ನೇ ಹಾಕಿ ಕಾಸು ಉಳಿಸಲು ಹೋದರೆ ಪಕ್ಕದ್ದು ಕೈಕೊಡುತ್ತದೆ. 60 ವೋಲ್ಟ್ ಗಾಡಿಗೆ 75 ವೋಲ್ಟಿನದು ಸಾಲದು, ಫುಲ್ ಚಾರ್ಜಿನಲ್ಲೇ 70 ದಾಟಬಹುದು, 100ರದ್ದೇ ಬೇಕು. ಮಾಸ್ಫೆಟ್ಟಿನ ಗೇಟ್ (ಅದನ್ನು ಆನ್-ಆಫ್ ಮಾಡುವ ಕಾಲು) ರೆಸಿಸ್ಟರನ್ನೂ ಅಳೆಯಿರಿ. ಮಾಸ್ಫೆಟ್ಟಿಗೂ ಅದರ ಬಿಸಿ ಹೀರುವ ಲೋಹದ ಹೀಟ್‌ಸಿಂಕಿಗೂ ನಡುವಿನ ಇನ್ಸುಲೇಶನ್ ಹಾಳೆ ಹರಿದಿರಬಾರದು.

ಮೋಟಾರ್ ಜೋಡಿಸದೆ, ಬ್ಯಾಟರಿ ಪಾಸಿಟಿವ್‌ಗೆ ಸರಣಿಯಲ್ಲಿ 60 ವ್ಯಾಟಿನ ಹಳೇ ಬುರುಡೆ ಬಲ್ಬ್ ಹಾಕಿ ಪವರ್ ಕೊಡಿ. ಮಿನುಗಿ ಆರಿದರೆ ಸರಿ, ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ. ಮೋಟಾರ್ ವೈರ್ ಆಕ್ಸಲ್ ಬಳಿ ಸವೆದಿದ್ದರೆ ಹೊಸ ಮಾಸ್ಫೆಟ್ಟೂ ಸುಡುತ್ತದೆ, ನೋಡಿಯೇ ಜೋಡಿಸಿ.