ಎರಡು ಕೋಶಗಳನ್ನು ಒಂದೇ ದಾರದಲ್ಲಿ ಕಟ್ಟುವುದು: ಗಟ್ಟಿಯಾದ ಬೈಸ್ಪೆಸಿಫಿಕ್ ಆಂಟಿಬಾಡಿ ತುಂಡನ್ನು ತಯಾರಿಸುವುದು ಹೇಗೆ?

ಬ್ಲಿನಾಟುಮೊಮ್ಯಾಬ್ ಅಂತ ಒಂದು ಔಷಧಿ ಇದೆ. ಬಿ ಕೋಶಗಳಲ್ಲಿ ಹುಟ್ಟುವ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಕೊಡುತ್ತಾರೆ. ಅಮೆರಿಕದಲ್ಲಿ 2014ರ ಡಿಸೆಂಬರಿನಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. 504 ಅಮೈನೋ ಆಮ್ಲಗಳ ಒಂದೇ ಸರ, ಅಷ್ಟೇ. ಅದರ ಒಂದು ಅರ್ಧ ಕ್ಯಾನ್ಸರ್ ಕೋಶದ ಮೇಲಿನ ಸಿಡಿ19 ಎಂಬ ಪ್ರೋಟೀನನ್ನು ಹಿಡಿಯುತ್ತದೆ, ಇನ್ನೊಂದು ಅರ್ಧ ನಮ್ಮದೇ ಟಿ ಕೋಶದ (ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣ) ಮೇಲಿನ ಸಿಡಿ3 ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಎರಡೂ ಕೋಶಗಳು ಮೈಗೆ ಮೈ ತಾಗಿ ನಿಂತ ಮೇಲೆ ಕೊಲ್ಲುವ ಕೆಲಸ ಟಿ ಕೋಶದ್ದು. ಹೀಗೆ ಎರಡು ಬೇರೆ ಗುರಿ ಹಿಡಿಯುವುದಕ್ಕೇ ಬೈಸ್ಪೆಸಿಫಿಕ್ ಅನ್ನುವುದು.

ಆಂಟಿಬಾಡಿ ಅಂದರೆ ರೋಗಾಣುಗಳನ್ನು ಹಿಡಿಯಲು ನಮ್ಮ ಮೈ ಮಾಡುವ ಪ್ರೋಟೀನ್. ಪೂರ್ತಿ ಆಂಟಿಬಾಡಿ ಸುಮಾರು 150 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ತೂಗುತ್ತದೆ. ಇದು ಬರೀ 54. ಇಂಥ ತುಂಡನ್ನು ಕಂಪ್ಯೂಟರಿನಲ್ಲಿ ಬರೆದುಕೊಳ್ಳಲು ಒಂದು ಮಧ್ಯಾಹ್ನ ಸಾಕು. ಟ್ಯೂಬಿನೊಳಗೆ ಅದು ಒಡೆದ ಹಾಲಿನಂತಾಗದೆ ಉಳಿಯಬೇಕಲ್ಲ, ಅಲ್ಲಿದೆ ಕಷ್ಟ.

ಮೊದಲು ಹಿಡಿತ ಎಷ್ಟಿರಬೇಕು ಅಂತ ತೀರ್ಮಾನಿಸಿ

ಹೊಸಬರು ಎರಡೂ ಕಡೆ ಹಿಡಿತ ಬಿಗಿಯಾಗಿರಲಿ ಅಂತ ಆಸೆಪಡುತ್ತಾರೆ. ಬೇಡ. ಬ್ಲಿನಾಟುಮೊಮ್ಯಾಬ್ ಸಿಡಿ19 ಅನ್ನು ನ್ಯಾನೋಮೋಲಾರ್ ಮಟ್ಟದಲ್ಲಿ, ಅಂದರೆ ತುಂಬಾ ಬಿಗಿಯಾಗಿ ಹಿಡಿಯುತ್ತದೆ, ಸಿಡಿ3 ಅನ್ನು ಅದಕ್ಕಿಂತ ಸುಮಾರು ನೂರು ಪಟ್ಟು ಸಡಿಲವಾಗಿ. ಮೊದಲು ಕ್ಯಾನ್ಸರ್ ಕೋಶದ ಮೇಲೆ ಕೂರಬೇಕು, ಆಮೇಲೆ ದಾರಿಯಲ್ಲಿ ಬಂದ ಟಿ ಕೋಶವನ್ನು ಮುಟ್ಟಬೇಕು. ಇದು ತಿರುಗುಮುರುಗಾದರೆ ಔಷಧಿಯೆಲ್ಲ ಟಿ ಕೋಶಗಳ ಮೇಲೆಯೇ ಅಂಟಿಕೊಂಡು ಕೂತುಬಿಡುತ್ತದೆ.

ಲಿಂಕರ್: ಇಲ್ಲಿ ಆತುರ ಬೇಡ

ಆಂಟಿಬಾಡಿಯಲ್ಲಿ ಹಿಡಿಯುವ ಜಾಗ ಎರಡು ತುಂಡು ಸೇರಿ ಆಗುವುದು. ಆಂಟಿಬಾಡಿಯ ದೊಡ್ಡ ಸರವಾದ ಹೆವಿ ಚೈನಿನದು ವಿಎಚ್, ಚಿಕ್ಕ ಸರವಾದ ಲೈಟ್ ಚೈನಿನದು ವಿಎಲ್. ಪೂರ್ತಿ ಆಂಟಿಬಾಡಿಯಲ್ಲಿ ಕೆಳಗಿನ ಭಾಗಗಳು ಈ ಜೋಡಿಯನ್ನು ಬಿಗಿಯಾಗಿ ಕಟ್ಟಿಟ್ಟಿರುತ್ತವೆ. ನಾವು ಆ ಆಸರೆಯನ್ನೇ ಕತ್ತರಿಸಿ ಬಿಸಾಡುತ್ತೇವೆ, ಅದರ ಬದಲು ಒಂದು ದಾರ ಕಟ್ಟುತ್ತೇವೆ. ಅದೇ ಲಿಂಕರ್. ಹೀಗೆ ಕಟ್ಟಿದ ವಿಎಚ್-ವಿಎಲ್ ಜೋಡಿಗೆ ಎಸ್‌ಸಿಎಫ್‌ವಿ ಅಂತ ಹೆಸರು, 1988ರಲ್ಲಿ ಮೊದಲು ಮಾಡಿ ತೋರಿಸಿದರು.

ದಾರಕ್ಕೆ ಸಾಮಾನ್ಯವಾಗಿ ನಾಲ್ಕು ಗ್ಲೈಸಿನ್, ಒಂದು ಸೆರಿನ್, ಹೀಗೆ ಮೂರು ಸಲ, ಒಟ್ಟು 15 ಅಮೈನೋ ಆಮ್ಲ ಹಾಕುತ್ತಾರೆ. ಗ್ಲೈಸಿನ್ ಇರುವುದರಿಂದ ಹೇಗೆ ಬೇಕಾದರೂ ಬಾಗುತ್ತದೆ, ಸೆರಿನ್ ನೀರಿಗೆ ಒಗ್ಗುತ್ತದೆ. ಉದ್ದ ತಪ್ಪಿದರೆ ಮಾತ್ರ ಆಕಾರವೇ ಬದಲಾಗುತ್ತದೆ. ಸುಮಾರು 12ಕ್ಕಿಂತ ಚಿಕ್ಕದಾದರೆ ವಿಎಚ್ ತನ್ನದೇ ವಿಎಲ್ ಕಡೆಗೆ ಬಾಗಲಾರದೆ ಪಕ್ಕದ ಸರದ ವಿಎಲ್ ಜೊತೆ ಕೂಡಿಕೊಳ್ಳುತ್ತದೆ. ಕೇಂಬ್ರಿಡ್ಜಿನವರು 1993ರಲ್ಲಿ ಇದನ್ನೇ ಬೇಕೆಂದು ಮಾಡಿ ಡಯಾಬಾಡಿ ಅಂತ ಹೆಸರಿಟ್ಟರು. ಬೇಡದಿದ್ದಾಗ ಹೀಗಾದರೆ ಕೈಗೆ ಸಿಗುವುದು ಕಲಬೆರಕೆ. ಎರಡು ಎಸ್‌ಸಿಎಫ್‌ವಿಗಳ ನಡುವಿನ ದಾರದ ಲೆಕ್ಕ ಬೇರೆ, ಅದು ಚಿಕ್ಕದಿದ್ದರೇ ಒಳ್ಳೆಯದು. ಬ್ಲಿನಾಟುಮೊಮ್ಯಾಬಿನಲ್ಲಿ ಅಲ್ಲಿರುವುದು ಐದೇ. ಎರಡು ಕೋಶಗಳು ಹತ್ತಿರ ಬಂದಷ್ಟೂ ಕೆಲಸ ಚೆನ್ನಾಗಿ ಆಗುತ್ತದೆ.

ಇನ್ನೊಂದು ಮಾತು. ನಾಲ್ಕು ತುಂಡುಗಳನ್ನು ಯಾವ ಸಾಲಿನಲ್ಲಿ ಜೋಡಿಸಬೇಕು, ವಿಎಚ್ ಮೊದಲೋ ವಿಎಲ್ ಮೊದಲೋ ಅಂತ ಯೋಚಿಸಿ ಹೇಳಲು ಆಗುವುದಿಲ್ಲ. ನಾಲ್ಕಾರು ಸಾಲು ಮಾಡಿ ನೋಡಲೇಬೇಕು.

ಜೋಡಿ ಬಿಡದ ಹಾಗೆ ಹೊಲಿಗೆ

ವಿಎಚ್, ವಿಎಲ್ ಒಂದಕ್ಕೊಂದು ತಾಗುವ ಜಾಗ ಜಿಡ್ಡಿನ ಸ್ವಭಾವದ್ದು, ನೀರು ಕಂಡರೆ ಆಗದು. ಜೋಡಿ ಒಂದು ಕ್ಷಣ ಬಿಟ್ಟಿತೋ, ಆ ಜಾಗ ಪಕ್ಕದ ಇನ್ಯಾವುದಕ್ಕೋ ಅಂಟುತ್ತದೆ. ಹಾಗೆ ಅಂಟಿ ಅಂಟಿ ಗಂಟಾಗುತ್ತದೆ. ತಡೆಯಲು ವಿಎಚ್‌ನ 44ನೇ ಜಾಗದಲ್ಲಿ ಒಂದು, ವಿಎಲ್‌ನ 100ನೇ ಜಾಗದಲ್ಲಿ ಒಂದು ಸಿಸ್ಟೀನ್ ಎಂಬ ಅಮೈನೋ ಆಮ್ಲ ಹಾಕುತ್ತಾರೆ. ಎರಡೂ ಸೇರಿ ಡೈಸಲ್ಫೈಡ್ ಬಂಧ ಆಗುತ್ತದೆ, ಹೊಲಿಗೆ ಹಾಕಿದ ಹಾಗೆ. ಆದರೂ ಸಾಲದಿದ್ದರೆ ಹಿಡಿಯುವ ಕುಣಿಕೆಗಳನ್ನು ಮಾತ್ರ ತೆಗೆದು, ಗಟ್ಟಿ ಅಂತ ಗೊತ್ತಿರುವ ಬೇರೆ ಚೌಕಟ್ಟಿನ ಮೇಲೆ ಕೂರಿಸುತ್ತಾರೆ.

ಒಂಟೆಗಳ ರಕ್ತದಲ್ಲಿ ಲೈಟ್ ಚೈನೇ ಇಲ್ಲದ ಆಂಟಿಬಾಡಿ ಇರುತ್ತವೆ. ಅವುಗಳ ಹಿಡಿಯುವ ತುಂಡು ಒಂಟಿ, ಬರೀ 15 ಕಿಲೋಡಾಲ್ಟನ್. ಜೋಡಿಯೇ ಇಲ್ಲದ ಮೇಲೆ ಬಿಡುವ ಚಿಂತೆಯೂ ಇಲ್ಲ, ಅಲ್ವಾ? ನಿಮಗೆ ಆಯ್ಕೆ ಇದ್ದರೆ ಇಲ್ಲಿಂದಲೇ ಶುರು ಮಾಡಿ.

ಬೆಳೆಸುವುದು, ಶುದ್ಧ ಮಾಡುವುದು

ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸುವುದಾದರೆ ಪ್ರೋಟೀನನ್ನು ಅದರ ಎರಡು ಪೊರೆಗಳ ನಡುವಿನ ಜಾಗಕ್ಕೆ ಕಳಿಸಿ. ಒಳಗೆ ಉಳಿದರೆ ಡೈಸಲ್ಫೈಡ್ ಬಂಧ ಆಗುವುದಿಲ್ಲ. ದುಡ್ಡಿದ್ದರೆ ಸಿಎಚ್ಒ ಕೋಶಗಳು (ಲ್ಯಾಬಿನಲ್ಲಿ ಬೆಳೆಸುವ ಹ್ಯಾಮ್‌ಸ್ಟರ್ ಕೋಶಗಳು) ವಾಸಿ. ಆಮೇಲೆ ಹಿಸ್ ಟ್ಯಾಗ್ (ಪ್ರೋಟೀನಿನ ತುದಿಗೆ ಸೇರಿಸಿದ, ನಿಕ್ಕಲ್‌ಗೆ ಅಂಟುವ ಸಣ್ಣ ಬಾಲ) ಹಿಡಿದು ನಿಕ್ಕಲ್ ಕಾಲಮ್, ಅಂದರೆ ಸೋಸುವ ಕೊಳವೆ, ಅದಾದ ಮೇಲೆ ಗಾತ್ರ ನೋಡಿ ಬೇರ್ಪಡಿಸುವ ಕಾಲಮ್. ಈ ಎರಡನೆಯದನ್ನು ಯಾವತ್ತೂ ಬಿಡಬೇಡಿ, ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಬಿಸಿ ಮಾಡಿ ನೋಡಿ

ಪ್ರೋಟೀನಿಗೆ ಸೈಪ್ರೋ ಆರೆಂಜ್ ಎಂಬ ಬಣ್ಣ ಸೇರಿಸಿ ಪಿಸಿಆರ್ ಯಂತ್ರದಲ್ಲಿ ನಿಧಾನವಾಗಿ ಬಿಸಿ ಮಾಡಿ. ಮಡಿಕೆ ಬಿಚ್ಚಿಕೊಂಡು ಒಳಗಿನ ಜಿಡ್ಡಿನ ಭಾಗ ಹೊರಬಂದಾಗ ಬಣ್ಣ ಅಲ್ಲಿ ಅಂಟಿ ಹೊಳೆಯುತ್ತದೆ, ಪರದೆಯ ಮೇಲೆ ಗೆರೆ ಏರುತ್ತದೆ. 60 ಡಿಗ್ರಿಗೆ ಮೊದಲೇ ಏರಿದರೆ ನಾನು ಆ ತುಂಡನ್ನು ಅಲ್ಲಿಗೇ ಕೈಬಿಡುತ್ತೇನೆ. ಕೆಲವು ಸಲ ಒಂದರ ಬದಲು ಎರಡು ಏರು ಕಾಣುತ್ತವೆ. ಒಂದು ಅರ್ಧ 52ಕ್ಕೇ ಬಿಚ್ಚಿಕೊಳ್ಳುತ್ತದೆ, ಇನ್ನೊಂದು 70ರವರೆಗೂ ನಿಲ್ಲುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಸ್ಥಿತಿ. ಸರಿಪಡಿಸಬೇಕಾದ್ದು ಸೋತ ಅರ್ಧವನ್ನು ಮಾತ್ರ, ಚೆನ್ನಾಗಿರುವುದನ್ನು ಸುಮ್ನೆ ಮುಟ್ಟಬೇಡಿ. ಇದರ ಜೊತೆಗೆ 37 ಡಿಗ್ರಿಯ ಸೀರಮ್‌ನಲ್ಲಿ ಒಂದು ವಾರ ಇಡಿ, ಐದು ಸಲ ಹೆಪ್ಪುಗಟ್ಟಿಸಿ ಕರಗಿಸಿ, ಟ್ಯೂಬನ್ನು ಬೆಳಕಿಗೆ ಹಿಡಿದು ಮಬ್ಬಾಗಿದೆಯಾ ನೋಡಿ.

ಕೆಲಸ ಮಾಡುತ್ತದಾ?

ಒಮ್ಮೆ ನನ್ನ ತುಂಡೊಂದು ಮೊದಲ ಪರೀಕ್ಷೆಯಲ್ಲೇ ಕ್ಯಾನ್ಸರ್ ಕೋಶಗಳನ್ನು ಚೆನ್ನಾಗಿ ಕೊಂದಿತು. ಆ ದಿನ ಲ್ಯಾಬಿನಿಂದ ಖುಷಿಯಾಗಿ ಮನೆಗೆ ಹೋದೆ. ಮಾರನೆಯ ದಿನ ಕಂಟ್ರೋಲ್ ಬಾವಿಗಳನ್ನು (ಹೋಲಿಕೆಗೆಂದು ಪರೀಕ್ಷೆಯ ತಟ್ಟೆಯಲ್ಲಿ ಇಟ್ಟ ಗುಳಿಗಳು) ಓದಿದರೆ, ಸಿಡಿ19 ಇಲ್ಲದ ಕೋಶಗಳ ಜೊತೆಗೂ ಟಿ ಕೋಶಗಳು ಕೆರಳಿದ್ದವು. ವಾಪಸ್ ಹೋಗಿ ಗಾತ್ರದ ಕಾಲಮ್ಮಿನ ಚಿತ್ರ ತೆಗೆದು ನೋಡಿದೆ. ಮುಖ್ಯ ಶಿಖರದ ಎಡಕ್ಕೆ ಒಂದು ಸಣ್ಣ ಉಬ್ಬು ಇತ್ತು. ಎರಡು ಮೂರು ತುಂಡುಗಳು ಒಟ್ಟಿಗೆ ಅಂಟಿಕೊಂಡಿದ್ದವು. ಅಂಥ ಗಂಟಿಗೆ ಸಿಡಿ3 ಹಿಡಿಯುವ ಕೈ ಒಂದಲ್ಲ, ಎರಡು ಮೂರು ಇರುತ್ತವೆ. ಒಂದೇ ಟಿ ಕೋಶದ ಮೇಲೆ ಹಲವು ಸಿಡಿ3 ಒಟ್ಟಿಗೆ ಎಳೆದರೆ ಅದು ಎದುರಿಗೆ ಶತ್ರು ಇಲ್ಲದಿದ್ದರೂ ಕೆರಳುತ್ತದೆ. ರೋಗಿಯ ಮೈಯಲ್ಲಿ ಹೀಗಾದರೆ ಸೈಟೋಕೈನ್‌ಗಳು, ಅಂದರೆ ಉರಿಯೂತ ಎಬ್ಬಿಸುವ ಸಂದೇಶದ ಪ್ರೋಟೀನುಗಳು, ಒಮ್ಮೆಲೇ ಸುರಿದು ಜೀವಕ್ಕೇ ಕುತ್ತು ಬರಬಹುದು. ಅದಕ್ಕೇ ನಾನು ಗಟ್ಟಿತನ ಬೇರೆ, ಕೆಲಸ ಬೇರೆ ಅಂತ ಎರಡು ಪಟ್ಟಿ ಮಾಡುವುದನ್ನು ಬಿಟ್ಟೆ. ಉಬ್ಬು ಇರುವ ಸ್ಯಾಂಪಲ್ ಕೊಡುವ ಫಲಿತಾಂಶ ಎಷ್ಟೇ ಚೆನ್ನಾಗಿದ್ದರೂ ನಂಬಬೇಡಿ. ಗುರಿ ಇಲ್ಲದ ಕೋಶಗಳ ಬಾವಿ, ಬರೀ ಟಿ ಕೋಶಗಳ ಬಾವಿ, ಎರಡೂ ಪ್ರತಿ ತಟ್ಟೆಯಲ್ಲೂ ಇರಲಿ.

ಮೈಯಲ್ಲಿ ಎಷ್ಟು ಹೊತ್ತು?

ಸುಮಾರು 60 ಕಿಲೋಡಾಲ್ಟನ್‌ಗಿಂತ ಚಿಕ್ಕದನ್ನು ಮೂತ್ರಪಿಂಡ ಬೇಗ ಸೋಸಿಬಿಡುತ್ತದೆ. ಬ್ಲಿನಾಟುಮೊಮ್ಯಾಬಿನ ಅರ್ಧಾಯುಷ್ಯ ಸುಮಾರು ಎರಡೇ ಗಂಟೆ. ಹಾಗಾಗಿ ರೋಗಿ ಪಂಪ್ ಕಟ್ಟಿಕೊಂಡು 28 ದಿನ ಬಿಡದೆ ರಕ್ತನಾಳಕ್ಕೆ ಹನಿಸಿಕೊಳ್ಳಬೇಕು. ಇದನ್ನು ತಪ್ಪಿಸಲು ರಕ್ತದಲ್ಲಿ ಬಹುಕಾಲ ಉಳಿಯುವ ಅಲ್ಬುಮಿನ್ ಎಂಬ ಪ್ರೋಟೀನನ್ನು ಹಿಡಿಯುವ ಇನ್ನೊಂದು ತುಂಡು ಸೇರಿಸಬಹುದು. 2022ರಲ್ಲಿ ಜಪಾನ್ ಒಪ್ಪಿದ ಒಜೊರಾಲಿಜುಮ್ಯಾಬ್ ಹಾಗೆಯೇ ಕಟ್ಟಿದ್ದು: ಟಿಎನ್ಎಫ್ ಎಂಬ ಸೈಟೋಕೈನ್ ಹಿಡಿಯುವ ಒಂಟಿ ತುಂಡು ಎರಡು, ನಡುವೆ ಅಲ್ಬುಮಿನ್ ಹಿಡಿಯುವುದು ಒಂದು. ನಾಲ್ಕು ವಾರಕ್ಕೊಂದು ಚುಚ್ಚುಮದ್ದು ಸಾಕು.

ಬಾಟಲಿಗೆ ತುಂಬುವಾಗ ಇನ್ನೊಂದು ತೊಡಕು ಬರುತ್ತದೆ. ಬ್ಲಿನಾಟುಮೊಮ್ಯಾಬನ್ನು ದಿನಕ್ಕೆ ಕೊಡುವುದು 28 ಮೈಕ್ರೋಗ್ರಾಂ. ಇಷ್ಟು ಕಡಿಮೆ ಇದ್ದರೆ ಔಷಧಿ ಚೀಲದ, ನಳಿಕೆಯ ಪ್ಲಾಸ್ಟಿಕ್‌ಗೇ ಅಂಟಿ ರೋಗಿಗೆ ಸಿಗದೆ ಹೋಗಬಹುದು. ಅದಕ್ಕಾಗಿ ಪೊಟ್ಟಣದೊಳಗೆ ಬೇರೆಯೇ ಒಂದು ಸ್ಟೆಬಿಲೈಸರ್ ಸೀಸೆ ಇಟ್ಟಿರುತ್ತಾರೆ. ಚೀಲಕ್ಕೆ ಮೊದಲು ಅದನ್ನು ಹಾಕಿ, ಒಳಗೋಡೆಗೆಲ್ಲ ತಾಗುವಂತೆ ಮೆಲ್ಲಗೆ ಆಡಿಸುತ್ತಾರೆ. ಆಮೇಲೆಯೇ ಔಷಧಿ.