ಹಾರ್ಟ್ ತೊಂದರೆ ಇರುವ ಮಗುವಿಗೆ ಜ್ವರ ಬಿಡದಿದ್ದರೆ

ಮಲೆನಾಡಲ್ಲಿ ಜ್ವರ ಅಂದರೆ ಮೊದಲು ಹೆದರುವುದು ಮಂಗನ ಕಾಯಿಲೆಗೆ. 1957ರಲ್ಲಿ ಅದು ಪತ್ತೆಯಾಗಿದ್ದೇ ನಮ್ಮ ಸೊರಬದ ಕ್ಯಾಸನೂರಲ್ಲಿ, ಹೆದರುವುದು ಸಹಜ ಅಲ್ವಾ. ಮಳೆಗಾಲವಾದರೆ ಡೆಂಗಿ, ಇಲಿಜ್ವರ. ಆದರೆ ಹುಟ್ಟಿನಿಂದ ಹಾರ್ಟಲ್ಲಿ ತೂತೋ ಕವಾಟದ ತೊಂದರೆಯೋ ಇರುವ ಮಗುವಾದರೆ ಎಂಡೋಕಾರ್ಡೈಟಿಸ್, ಅಂದರೆ ಹಾರ್ಟಿನ ಒಳಪದರದ ಸೋಂಕು ಕೂಡ ತಲೆಯಲ್ಲಿರಲಿ. ರಕ್ತ ರಭಸವಾಗಿ ಬಡಿದು ಒಳಪದರ ತರಚಿದ ಕಡೆ ಬ್ಯಾಕ್ಟೀರಿಯಾ ಬಂದು ಗೂಡು ಕಟ್ಟುತ್ತದೆ. ಅಪರೂಪ, ಆದರೆ ಬಂದರೆ ಜೀವಕ್ಕೇ ಅಪಾಯ.

ಮೊದಲನೆಯದು, ಹೋದ ಸಲ ಉಳಿದ ಆಂಟಿಬಯಾಟಿಕ್ ಸಿರಪ್ ಕುಡಿಸಬೇಡಿ. ಮೆಡಿಕಲ್ ಶಾಪಲ್ಲಿ ಕೇಳಿ ತರುವುದೂ ಬೇಡ. ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗುವುದು ಬ್ಲಡ್ ಕಲ್ಚರಿನಲ್ಲಿ. ಬೇರೆ ಬೇರೆ ಸಲ, ಸಾಮಾನ್ಯವಾಗಿ ಮೂರು ಸಲ ರಕ್ತ ತೆಗೆದು ಬಾಟಲಿಯಲ್ಲಿ ಬೆಳೆಯಲು ಬಿಡುತ್ತಾರೆ. ಮೊದಲೇ ನಾಲ್ಕು ಚಮಚ ಸಿರಪ್ ಹೋಗಿದ್ದರೆ ಅಲ್ಲಿ ಏನೂ ಬೆಳೆಯದೇ ಇರಬಹುದು, ಕಾಯಿಲೆ ಮಾತ್ರ ಒಳಗೆ ಹಾಗೇ ಇರುತ್ತದೆ. ಮನೆಯಲ್ಲಿ ಜ್ವರಕ್ಕೆ ತೂಕ ನೋಡಿ ಪ್ಯಾರಾಸಿಟಮಾಲ್ ಮಾತ್ರ ಕೊಡಿ.

ಆಮೇಲೆ ಮಗುವನ್ನು ಬೆಳಕಲ್ಲಿ ಕೂರಿಸಿ ನೋಡಿ. ಉಗುರಿನ ಅಡಿ ಸಣ್ಣ ಕಡ್ಡಿ ಚುಚ್ಚಿದ ಹಾಗೆ ಕಪ್ಪು ಕೆಂಪು ಗೆರೆ, ಚರ್ಮದ ಮೇಲೆ ಕೆಂಪು ಚುಕ್ಕೆ, ಊಟ ಸೇರದೆ ತೂಕ ಇಳಿಯುವುದು, ಕೀಲು ನೋವು. ಇವೇನೂ ಕಾಣದಿದ್ದರೂ ಕಾಯಿಲೆ ಇಲ್ಲ ಅಂತಲ್ಲ. ಉಸಿರು ಕಷ್ಟವಾದರೆ, ಒಂದು ಕೈಕಾಲು ಸೋತರೆ 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಗೆ ಹೊರಡುವಾಗ ಹಳೇ ಎಕೋ (ಹಾರ್ಟಿನ ಸ್ಕ್ಯಾನ್) ರಿಪೋರ್ಟ್, ಆಪರೇಷನ್ ಚೀಟಿ ಎಲ್ಲಾ ತಗೊಂಡು ಹೋಗಿ. ಡಾಕ್ಟರ್ ಕೇಳುವ ತನಕ ಕಾಯಬೇಡಿ, ಮಗುವಿಗೆ ಹಾರ್ಟ್ ತೊಂದರೆ ಇದೆ ಅಂತ ಮೊದಲ ಮಾತಲ್ಲೇ ಹೇಳಿ. ಕಾಯಿಲೆ ಖಚಿತವಾದರೆ ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳಕ್ಕೇ ಔಷಧಿ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಅಷ್ಟು ದಿನ ಆಸ್ಪತ್ರೆ ಅಂದರೆ ಕಷ್ಟವೇ, ಆದರೂ ಜ್ವರ ಬಿಟ್ಟಿತಲ್ಲ ಅಂತ ನಡುವೆ ಎದ್ದು ಬರಬೇಡಿ.

ಬರದಂತೆ ನೋಡಿಕೊಳ್ಳುವುದು ಬಾಯಿಂದ ಶುರು. ಈ ಬ್ಯಾಕ್ಟೀರಿಯಾದಲ್ಲಿ ಜಾಸ್ತಿ ಪಾಲು ಹಲ್ಲು, ವಸಡಿನದ್ದು, ಇಲ್ಲವೇ ಚರ್ಮದ್ದು. ದೋಸೆಗೆ ಜೋನಿಬೆಲ್ಲ ತಿನ್ನಲಿ, ಬೇಡ ಅನ್ನಲ್ಲ, ದಿನಕ್ಕೆ ಎರಡು ಸಲ ಹಲ್ಲುಜ್ಜಿಸಿ. ಇಂಬಳ ಕಚ್ಚಿದ್ದನ್ನು ಕೆರೆದು ಹುಣ್ಣು ಮಾಡಿಕೊಳ್ಳದಂತೆ ಸೋಪಲ್ಲಿ ತೊಳೆಯಿರಿ. ಹಲ್ಲು ಕೀಳಿಸುವ ಮೊದಲು ಹಾರ್ಟ್ ಡಾಕ್ಟರನ್ನು ಕೇಳಿ. ಎಲ್ಲ ಮಕ್ಕಳಿಗೂ ಮುಂಚಿತವಾಗಿ ಆಂಟಿಬಯಾಟಿಕ್ ಬೇಕಿಲ್ಲ. ಕೃತಕ ಕವಾಟ ಇರುವವರು, ಹಿಂದೆ ಈ ಕಾಯಿಲೆ ಬಂದವರು, ಮೈ ನೀಲಿಯಾಗುವ ತೊಂದರೆಗೆ ಇನ್ನೂ ಆಪರೇಷನ್ ಆಗದವರು, ಇಂಥವರಿಗೆ ಬೇಕು. ಅದನ್ನು ಕೊಡುವುದು ಹಲ್ಲು ಕೀಳುವ ಅರ್ಧದಿಂದ ಒಂದು ಗಂಟೆ ಮೊದಲು, ಆದ್ದರಿಂದ ಹಲ್ಲಿನ ಡಾಕ್ಟರಿಗೆ ವಿಷಯ ತಿಳಿಸಬೇಕಾದ್ದು ದಿನ ಗೊತ್ತು ಮಾಡುವಾಗಲೇ, ಕುರ್ಚಿ ಮೇಲೆ ಬಾಯಿ ತೆರೆದ ಮೇಲಲ್ಲ.