ವಠಾರಕ್ಕೊಂದು ನಲ್ಲಿ, ತಂಡಕ್ಕೊಂದು ಟೆಸ್ಟ್ ಸರ್ವರ್

ಬೆಂಗಳೂರಿನ ಹಳೇ ವಠಾರಗಳಲ್ಲಿ ಬೆಳೆದವರಿಗೆ ಇದು ಗೊತ್ತು. ಎಂಟು ಮನೆಗೆ ಒಂದು ನಲ್ಲಿ. ನೀರು ಸಾಕಷ್ಟು ಬಂದ ದಿನವೂ ಜಗಳ ಆಗುತ್ತಿತ್ತು, ಯಾರ ಬಿಂದಿಗೆ ಮೊದಲು ಅಂತ. ಓಪನ್ ಸೋರ್ಸ್ (ಕೋಡನ್ನು ಎಲ್ಲರಿಗೂ ತೆರೆದಿಡುವ ಮುಕ್ತ ತಂತ್ರಾಂಶ) ತಂಡವೊಂದು ಎಲ್ಲರಿಗೂ ಸೇರಿ ಒಂದು ಟೆಸ್ಟ್ ಸರ್ವರ್, ಅಂದರೆ ಹೊಸ ಕೋಡನ್ನು ಓಡಿಸಿ ನೋಡುವ ಯಂತ್ರ, ಇಟ್ಟುಕೊಂಡರೂ ಅದೇ ಕಥೆ.

ನಾವು ಏಳೆಂಟು ಜನ ಸೇರಿ ಸಣ್ಣ ಗ್ರಂಥಾಲಯಗಳಿಗೆ ಒಂದು ಸಾಫ್ಟ್‌ವೇರ್ ಬರೆಯುತ್ತೇವೆ. ಭಾನುವಾರ ಜಯನಗರದಲ್ಲಿ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಮೊದಮೊದಲು "ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ ಬರ್ತಿದೆಯಲ್ಲ" ಅನ್ನುವ ವಾದವೇ ಜಾಸ್ತಿ. ಅದಕ್ಕೇ ಸರ್ವರ್ ತೊಗೊಂಡೆವು. ಮೊದಲ ತಿಂಗಳಲ್ಲೇ, ಒಬ್ಬರು ಪುಸ್ತಕ ಹುಡುಕುವ ಭಾಗವನ್ನು ಪರೀಕ್ಷೆ ಮಾಡುತ್ತಿರುವಾಗ ಇನ್ನೊಬ್ಬರು ಡೇಟಾಬೇಸ್ ಅಳಿಸಿ ಹೊಸದು ಹಾಕಿಬಿಟ್ಟರು. ಇಬ್ಬರದ್ದೂ ತಪ್ಪಿಲ್ಲ. ಯಾರಿಗೆ ಯಾವಾಗ ಅಂತ ಎಲ್ಲೂ ಬರೆದಿರಲಿಲ್ಲ, ಅಷ್ಟೇ.

ಮೊದಲು ಕಾಗದ, ಆಮೇಲೆ ಯಂತ್ರ

ಏನನ್ನು ಪರೀಕ್ಷೆ ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಕೋಡ್ ಬದಲಾದಾಗಲೆಲ್ಲ ತಾನಾಗಿ ಓಡುವ ಪರೀಕ್ಷೆಗಳಷ್ಟೇ ಸಾಕಾದರೆ ಸ್ವಂತ ಸರ್ವರ್ ಬೇಡವೇ ಬೇಡ. ಎಲ್ಲರಿಗೂ ತೆರೆದಿಟ್ಟ ಯೋಜನೆಗಳಿಗೆ, ಕೋಡ್ ಇಡುವ ತಾಣವಾದ ಗಿಟ್‌ಹಬ್ ತನ್ನ ಸಾಮಾನ್ಯ ಯಂತ್ರಗಳನ್ನು ಪುಕ್ಕಟೆ ಕೊಡುತ್ತದೆ. ಬೇರೆ ಬೇರೆ ಪ್ರೊಸೆಸರ್‌ಗಳ ಮೇಲೆ ಕೋಡ್ ಓಡಿಸಿ ನೋಡಬೇಕು ಅಂದರೆ ಜಿಸಿಸಿ ಕಂಪೈಲ್ ಫಾರ್ಮ್ ಅನ್ನುವ ಯಂತ್ರಗಳ ಗುಂಪು ಇದೆ. ಮುಕ್ತ ತಂತ್ರಾಂಶ ಬರೆಯುವವರು ಖಾತೆಗೆ ಅರ್ಜಿ ಹಾಕಬಹುದು.

ನಿಮ್ಮದೇ ಸರ್ವರ್ ಬೇಕಾಗುವುದು ಜನ ಕೂತು ಬಳಸಿ ನೋಡಬೇಕಾದಾಗ. ಆಗ ಅದನ್ನು ಕೋಣೆಗಳಾಗಿ ಭಾಗ ಮಾಡಿ. ಒಂದು ಕೋಣೆಯಲ್ಲಿ ಹೊಸ ಕೋಡ್ ಬಂದ ಹಾಗೇ ಕೂರುತ್ತದೆ, ಅದು ಆಗಾಗ ಕೆಡುತ್ತದೆ. ವಿಕಿಪೀಡಿಯ ನಡೆಸುವವರ ‘ಬೀಟಾ ಕ್ಲಸ್ಟರ್’ ಈ ಥರದ್ದು. ಇನ್ನೊಂದರಲ್ಲಿ ಬಿಡುಗಡೆಗೆ ಸಿದ್ಧವಾದ ಆವೃತ್ತಿ, ಅದನ್ನು ಯಾರೂ ಮುಟ್ಟುವಂತಿಲ್ಲ. ಮಿಕ್ಕ ಜಾಗ ಒಬ್ಬೊಬ್ಬರ ಪ್ರಯೋಗಕ್ಕೆ.

ಹಾಸಿಗೆ ಇದ್ದಷ್ಟು

ಒಂದೊಂದು ಕೋಣೆಯಲ್ಲೂ ನಿಮ್ಮ ಸಾಫ್ಟ್‌ವೇರ್‌ನ ಒಂದು ಪ್ರತಿ ಓಡುತ್ತದೆ. ಮೊದಲು ಒಂದೇ ಪ್ರತಿಯನ್ನು ಓಡಿಸಿ ಎಷ್ಟು ಮೆಮೊರಿ ತಿನ್ನುತ್ತದೆ ಅಂತ ಅಳೆಯಿರಿ. ಪ್ರತಿಗೆ 600 ಎಂಬಿ ಅಂದುಕೊಳ್ಳಿ. ಐದು ಪ್ರತಿಗೆ 3 ಜಿಬಿ. ಆಪರೇಟಿಂಗ್ ಸಿಸ್ಟಮ್‌ಗೆ ಒಂದು ಜಿಬಿ. 4 ಜಿಬಿಯ ಸರ್ವರ್‌ನಲ್ಲಿ ಉಸಿರುಗಟ್ಟುತ್ತದೆ. 8 ಜಿಬಿ ತೊಗೊಳ್ಳಿ, ಇಲ್ಲಾ ಪ್ರತಿಗಳನ್ನು ಮೂರಕ್ಕೆ ಇಳಿಸಿ. ಡಿಸ್ಕ್ ತುಂಬುವುದು ಹೆಚ್ಚಾಗಿ ಲಾಗ್ ಫೈಲುಗಳು (ಸರ್ವರ್ ಬರೆದಿಡುವ ದಿನಚರಿ) ಮತ್ತು ಹಳೇ ಡಾಕರ್ ಇಮೇಜುಗಳಿಂದ (ಸಾಫ್ಟ್‌ವೇರ್ ಓಡಿಸಲು ಕಟ್ಟಿಟ್ಟ ಪೊಟ್ಟಣಗಳು). ವಾರಕ್ಕೊಮ್ಮೆ ತಾನಾಗಿ ಗುಡಿಸುವ ಏರ್ಪಾಡು ಇರಲಿ.

ಎಸ್.ಪಿ. ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಂದು ಮನೆಯಲ್ಲೇ ಇಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ಏಪ್ರಿಲ್-ಮೇ ಮಳೆಗೆ ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ? ಜೊತೆಗೆ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಎಷ್ಟೋ ಸಲ ಸ್ವಂತ ಪಬ್ಲಿಕ್ ಐಪಿ ವಿಳಾಸ ಇರುವುದಿಲ್ಲ, ಹೊರಗಿನವರು ಸೀದಾ ಒಳಗೆ ಬರೋಕಾಗಲ್ಲ. ಬಾಡಿಗೆ ಸರ್ವರೇ ವಾಸಿ.

ಬಾಡಿಗೆ ಅಂದಮೇಲೆ ದುಡ್ಡಿನ ಮಾತು. ಸರ್ವರ್ ಯಾರ ಕಾರ್ಡಿನ ಮೇಲಿದೆ? ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ತಾನಾಗಿ ಕಡಿತವಾಗುವ ಹಣಕ್ಕೆ 24 ಗಂಟೆ ಮೊದಲೇ ಸೂಚನೆ ಬರಬೇಕು. ಆ ಸೂಚನೆ ಬರುವುದು ಕಾರ್ಡ್ ಇರುವವರಿಗೆ ಮಾತ್ರ. ನಮ್ಮ ಗೆಳೆಯರೊಬ್ಬರು ತಂಗಿ ಮದುವೆಗೆ ಊರಿಗೆ ಹೋಗಿದ್ದಾಗ ಅವರ ಕಾರ್ಡಿನ ಅವಧಿ ಮುಗಿದು ಸರ್ವರ್ ನಿಂತಿತು. ಮದುವೆ ಮನೆಗೆ ಫೋನ್ ಮಾಡಿ ಓಟಿಪಿ ಕೇಳಬೇಕಾಯಿತು. ಬಿಲ್ ಬರುವ ಇಮೇಲ್ ಕನಿಷ್ಠ ಇಬ್ಬರಿಗೆ ತಲುಪಲಿ. ಮುಂಗಡ ಕಟ್ಟಲು ಅವಕಾಶ ಇದ್ದರೆ ಮೂರು ತಿಂಗಳದ್ದು ಕಟ್ಟಿಬಿಡಿ.

ಬೀಗದ ಕೈ ಮತ್ತು ಸರದಿ

ಪ್ರತಿಯೊಬ್ಬರಿಗೂ ಬೇರೆ ಖಾತೆ, ಬೇರೆ ಎಸ್‌ಎಸ್‌ಎಚ್ ಕೀ (ದೂರದಿಂದ ಸರ್ವರ್ ಒಳಗೆ ಬರಲು ಬಳಸುವ ಡಿಜಿಟಲ್ ಬೀಗದ ಕೈ). ಪಾಸ್‌ವರ್ಡ್ ಹಾಕಿ ಒಳಗೆ ಬರುವುದನ್ನು ನಿಲ್ಲಿಸಿ. ಅಡ್ಮಿನ್ ಅಧಿಕಾರ ಇಬ್ಬರು ಮೂವರಿಗೆ ಸಾಕು. ತಂಡ ಬಿಟ್ಟವರ ಕೀ ಅದೇ ವಾರ ತೆಗೆಯಿರಿ.

ಸರದಿಗೆ ಒಂದು ಸ್ಪ್ರೆಡ್‌ಶೀಟ್ ಸಾಕು: ಯಾವ ಕೋಣೆ, ಯಾರು, ಯಾವತ್ತಿನವರೆಗೆ. ಈ ಮೂರನೆಯದನ್ನು ಎಲ್ಲರೂ ಖಾಲಿ ಬಿಡುತ್ತಾರೆ. ಖಾಲಿ ಇದ್ದರೆ 14 ದಿನ ಅಂತ ನಿಯಮ ಮಾಡಿ. ಆಮೇಲೆ ಆ ಪ್ರತಿ ನಿಲ್ಲುತ್ತದೆ, ಇನ್ನೊಂದು ವಾರ ಕಾದು ಅಳಿಸುವುದು. ದಾಕ್ಷಿಣ್ಯ ಮಾಡಬೇಡಿ.

ಸಾಮಾನ್ಯವಾಗಿ ಸರ್ವರ್‌ನ ಗಡಿಯಾರ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದ ಲೆಕ್ಕದಲ್ಲಿ ಓಡುತ್ತದೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿ 3ಕ್ಕೆ ಎಲ್ಲವನ್ನೂ ಹೊಸದಾಗಿ ಹಾಕೋಣ ಅಂದರೆ ಗಡಿಯಾರದಲ್ಲಿ ಹಿಂದಿನ ದಿನದ 21:30 ಅಂತ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಕೂತ ನಮ್ಮವರಿಗೆ ಅದು ನಡು ಮಧ್ಯಾಹ್ನ. ಅವರನ್ನೂ ಒಂದು ಮಾತು ಕೇಳಿ.

ಡೇಟಾ ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡ

ನಿಜವಾದ ಡೇಟಾಬೇಸನ್ನೇ ಎತ್ತಿ ಟೆಸ್ಟ್ ಸರ್ವರ್‌ಗೆ ಹಾಕುವುದು ಸುಲಭ. ಹಾಗೆ ಮಾಡಬೇಡಿ. ಅದರಲ್ಲಿ ಓದುಗರ ಫೋನ್ ನಂಬರ್, ಮನೆ ವಿಳಾಸ ಎಲ್ಲ ಇರುತ್ತದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ನಮ್ಮಲ್ಲಿ ಒಂದು ರಾತ್ರಿ "ಪರೀಕ್ಷೆ ಪರೀಕ್ಷೆ ಪುಸ್ತಕ ವಾಪಸ್ ಕೊಡಿ" ಅನ್ನುವ ಮೇಲ್ ನಿಜವಾದ ಓದುಗರಿಗೇ ಹೋಗಿತ್ತು. ಒಬ್ಬ ಅಜ್ಜ ಬೆಳಗ್ಗೆ ಪುಸ್ತಕ ಹಿಡಿದು ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದರು.

ಹೆಸರುಗಳನ್ನು ನೀವೇ ಹುಟ್ಟಿಸಿ. ಇಮೇಲ್ ಕೊನೆಗೆ ‘ಎಕ್ಸಾಂಪಲ್ ಡಾಟ್ ಕಾಮ್’ ಇರಲಿ. ಈ ಹೆಸರನ್ನು 1999ರಿಂದ ಇಂಥ ಕೆಲಸಕ್ಕೇ ಮೀಸಲಿಟ್ಟಿದ್ದಾರೆ. ಜೊತೆಗೆ ಮೇಲ್‌ಪಿಟ್ ಥರದ ಬಲೆ ಹಾಕಿ. ಹೊರಗೆ ಹೋಗುವ ಮೇಲ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಹುಟ್ಟಿಸುವ ಹೆಸರುಗಳು ಸುಲಭದವಾಗಿದ್ದರೆ ಪ್ರಯೋಜನ ಇಲ್ಲ. ರಮಾ, ಉಮಾ ಅಂತ ಹಾಕಿದರೆ ಯಾವ ತಪ್ಪೂ ಹೊರಬರಲ್ಲ. ‘ಕೃಷ್ಣಮೂರ್ತಿ’ ಹಾಕಿ ನೋಡಿ. ಕಣ್ಣಿಗೆ ನಾಲ್ಕೇ ಅಕ್ಷರ. ಯುನಿಕೋಡ್ (ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತಗಳ ಪಟ್ಟಿ) ಲೆಕ್ಕದಲ್ಲಿ 11 ಸಂಕೇತ. ಅವನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್ ಜಾಗ, ಒಟ್ಟು 33. ಹೆಸರಿಗೆ 30 ಬೈಟ್ ಸಾಕು ಅಂತ ಯಾರೋ ಬರೆದಿದ್ದರೆ ನಮ್ಮ ಮೂರ್ತಿಯವರ ‘ತಿ’ ಗುಡಿಸು ಕಳೆದುಕೊಂಡು ‘ತ’ ಆಗುತ್ತದೆ! ‘ರ‍್ಯಾಂಕ್’ ಅನ್ನುವ ಪದವೂ ಇರಲಿ, ಅದರೊಳಗೆ ಕಣ್ಣಿಗೆ ಕಾಣದ ಒಂದು ಸಂಕೇತ ಇದೆ. ಸೊನ್ನೆಯ ಅಂಕಿ ‘೦’ ಮತ್ತು ಅನುಸ್ವಾರ ನೋಡಲು ಒಂದೇ ಥರ, ಕಂಪ್ಯೂಟರಿಗೆ ಬೇರೆ ಬೇರೆ. ಅನುಸ್ವಾರದ ಬದಲು ಸೊನ್ನೆ ಟೈಪ್ ಮಾಡಿದ ಪುಸ್ತಕದ ಹೆಸರೊಂದನ್ನು ಬೇಕೆಂದೇ ಸೇರಿಸಿ. ಹುಡುಕಿದರೆ ಸಿಗುತ್ತದಾ ನೋಡಿ.

ಕೆಡವಿ ಕಟ್ಟಿ

ಆರು ತಿಂಗಳಿಗೊಮ್ಮೆ ಸರ್ವರನ್ನು ಪೂರ್ತಿ ಅಳಿಸಿ ಮತ್ತೆ ಕಟ್ಟಿ. ಮೊದಲು ಕಟ್ಟಿದವರು ಕೈ ಹಾಕಬಾರದು. ಬರೆದಿಟ್ಟ ಸ್ಕ್ರಿಪ್ಟ್ ಮತ್ತು ಟಿಪ್ಪಣಿ ನೋಡಿಕೊಂಡು ಬೇರೆಯವರು ಮಾಡಬೇಕು. ಮೊದಲ ಸಲ ನಮ್ಮಲ್ಲಿ ಈ ಕೆಲಸ ಹೊಸ ಹುಡುಗಿಯೊಬ್ಬಳಿಗೆ ಬಿತ್ತು. ಶನಿವಾರ ಮಧ್ಯಾಹ್ನ ಕೂತವಳು ರಾತ್ರಿ ಹತ್ತಕ್ಕೆ ಎದ್ದಳು. ಟಿಪ್ಪಣಿಯಲ್ಲಿ ಹತ್ತೊಂಬತ್ತು ಕಡೆ ಪೆನ್ಸಿಲ್ ಗುರುತು ಹಾಕಿದ್ದಳು. ಎರಡನೇ ಸಲ ಅದೇ ಟಿಪ್ಪಣಿ ಹಿಡಿದು ಕೂತ ನನಗೆ ಬೇಕಾದದ್ದು ಒಂದೂವರೆ ಗಂಟೆ.